ದಿವಾನ್ ಪೂರ್ಣಯ್ಯ

ಬಿಳಿಗಿರಿರಂಗನ ಬೆಟ್ಟದ ತಪ್ಪಲಿನಲ್ಲಿ, ಸುವರ್ಣಾವತಿ ಹೊಳೆಯ ಬಯಲಿನಲ್ಲಿ ಯಳಂದೂರು ನೆಲೆಸಿದೆ. ಇದು ಹಿಂದೆ ಹದಿನಾಡಿನ ಅರಸರು ಆಳಿದ ಊರು. ಇಲ್ಲಿನ ಗೌರೀಶ್ವರ ದೇವಾಲಯದ ಬಳೆಮಂಟಪದಲ್ಲಿ ಶಿಲ್ಪಿಗಳು ಕಲ್ಲನ್ನೇ ಬಳೆಗಳಾಗಿ ಕೊರೆದು ಸರಪಣಿಯಂತೆ ಕೋದಿರುವುದನ್ನು ಇಂದಿಗೂ ಕಾಣಬಹುದು. ಷಡಕ್ಷರಿ ಕವಿ ಬಾಳಿದ್ದು ಇಲ್ಲಿ. ಸಂಚಿಯ ಹೊನ್ನಮ್ಮ ಮೈಸೂರಿನ ಅರಮನೆಯನ್ನು ಸೇರುವ ಮೊದಲು ಬೆಳೆದದ್ದೂ ಇದೇ ಊರಿನಲ್ಲಿ. ಇಂತಹ ಯಳಂದೂರು 1807ರಿಂದ ಮುಂದೆ ಹಲವು ತಲೆಮಾರುಗಳ ಕಾಲ ಒಂದೇ ಮನೆತನದ ಜಹಗೀರಾಗಿತ್ತು. ಆದರೆ ಆ ಮನೆತನದ ಬೇರು ಯಳಂದೂರಿನಲ್ಲಿಲ್ಲ. ಅದರ ಮೂಲಪುರುಷನನ್ನು ಅರಸಿ ಹೊರಟವರು ಘಟ್ಟವನ್ನಿಳಿದು ಕೊಯಮತ್ತೂರು ಸೀಮೆಗೆ ಹೋಗಬೇಕು. ಅಲ್ಲಿ ಒಂದು ದಿನಸಿ ಅಂಗಡಿಯ ಜಗಲಿಯ ಮೇಲೆ ಲೆಕ್ಕ ಬರೆಯುತ್ತ ಕುಳಿತ ಬಡ ಹುಡುಗನೊಬ್ಬನನ್ನು ಕಾಣಬೇಕು.

ಆ ಹುಡುಗನೇ ಮುಂದೆ ದಿವಾನ್ ಪೂರ್ಣಯ್ಯನವರೆಂದು ಪ್ರಸಿದ್ಧರಾದವರು. ಅವರು ಹುಟ್ಟಿದ್ದು 1746ರಲ್ಲಿ. ತಂದೆಯ ಹೆಸರು ಕೃಷ್ಣಾಚಾರ್ಯ. ದಖನ್ನಿನ ಮರಾಠಿ ಸೀಮೆಯಿಂದ ಹಿಂದೆಂದೋ ತೆಂಕಣಕ್ಕೆ ವಲಸೆ ಬಂದು ಕಾವೇರಿಯ ಕೆಳಬಯಲಿನಲ್ಲಿ ನೆಲೆನಿಂತ ದೇಶಸ್ಥ ಮಾಧ್ವ ಕುಟುಂಬಗಳಿಗೆ ಸೇರಿದವರು ಅವರು. ಪೂರ್ಣಯ್ಯನವರು ಬಾಲಕರಾಗಿದ್ದಾಗಲೇ ತಂದೆ ತೀರಿಕೊಂಡರು. ಆಸ್ತಿಯಿಲ್ಲದ ಸಂಸಾರ. ಓದು ಮುಂದುವರಿಸುವ ಬದಲು ಅವರು ಸತ್ಯಮಂಗಲದ ರಂಗಶೆಟ್ಟಿ ಎಂಬ ವರ್ತಕನ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸಕ್ಕೆ ಸೇರಿದರು.

ಆ ಕಾಲದಲ್ಲಿ ಸತ್ಯಮಂಗಲವು ಮೈಸೂರು ರಾಜ್ಯಕ್ಕೆ ಸೇರಿತ್ತು. ಅದು ಘಟ್ಟದ ಕೆಳಗಿನ ದೊಡ್ಡ ವ್ಯಾಪಾರದ ಊರು. ಬಯಲುಸೀಮೆಯಿಂದ ಶ್ರೀರಂಗಪಟ್ಟಣಕ್ಕೆ ಬರುವವರಿಗೆ ಈ ಭಾಗದಲ್ಲಿ ಎರಡು ಹಾದಿಗಳಿದ್ದವು. ಸತ್ಯಮಂಗಲದ ಕಡೆಯಿಂದ ಗಜ್ಜಲಹಟ್ಟಿಯ ಕಣಿವೆಯನ್ನೇರಿ ಬರುವುದು ಒಂದು. ಕಾವೇರಿಪುರದ ಘಟ್ಟವನ್ನು ಹತ್ತಿ, ಕೌದಳ್ಳಿ, ಹನೂರುಗಳನ್ನು ಹಾದು ಕೊಳ್ಳೇಗಾಲದ ಸೀಮೆಗೆ ಬರುವುದು ಇನ್ನೊಂದು. ಎತ್ತುಗಳ ಮೇಲೆ ಹೇರಿದ ಉಪ್ಪು, ಬಟ್ಟೆ, ಧಾನ್ಯಗಳು ಈ ಹಾದಿಗಳಲ್ಲಿ ಹಗಲಿರುಳು ಸಾಗುತ್ತಿದ್ದವು. ಯುದ್ಧಕಾಲ ಬಂದರೆ ಸೈನ್ಯಗಳೂ ಅವೇ ಹಾದಿಗಳನ್ನು ಹಿಡಿಯುತ್ತಿದ್ದವು. ರಂಗಶೆಟ್ಟಿಗೆ ಶ್ರೀರಂಗಪಟ್ಟಣದ ಅನ್ನದಾನಶೆಟ್ಟಿಯೊಡನೆ ವ್ಯವಹಾರವಿತ್ತು. ಅನ್ನದಾನಶೆಟ್ಟಿಯು ಹೈದರಾಲಿಯ ಪಾಳೆಯಕ್ಕೆ ದಿನಸಿ ಒದಗಿಸುತ್ತಿದ್ದ ದೊಡ್ಡ ವರ್ತಕ. ಲೆಕ್ಕಪತ್ರಗಳ ಮೂಲಕ ಕೆಳಗಿನ ಅಂಗಡಿಯ ತರುಣನ ಹೆಸರು ಮೇಲಿನ ಅಂಗಡಿಗೆ ಮುಟ್ಟಿತು. ಅಲ್ಲಿಂದ ಅರಮನೆಗೆ ಮುಟ್ಟಿತು.

ಅಂದಿನ ವರ್ತಕರು ಲೆಕ್ಕ ಬರೆಯುತ್ತಿದ್ದುದು ಕಡತಗಳಲ್ಲಿ. ಹುಣಿಸೆಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು ಕಪ್ಪಾಗಿಸಿದ ಉದ್ದನೆಯ ಬಟ್ಟೆಯನ್ನು ಮಡಿಕೆ ಮಡಿಕೆಯಾಗಿ ಮಡಿಸಿದರೆ ಅದೇ ಕಡತ. ಅದರ ಮೇಲೆ ಬಳಪದಿಂದ ಬರೆಯುತ್ತಿದ್ದರು. ಬೇಡವಾದುದನ್ನು ಒರೆಸಿ ಮತ್ತೆ ಬರೆಯಬಹುದಾಗಿತ್ತು. ಒರೆಸಬಹುದಾದ ಲೆಕ್ಕವನ್ನು ನಂಬಬೇಕಾದರೆ ಬರೆಯುವವನ ಮೇಲೆ ನಂಬಿಕೆ ಇರಬೇಕು. ಪೂರ್ಣಯ್ಯನವರ ಭಾಗ್ಯ ತೆರೆದದ್ದು ಈ ಒಂದು ನಂಬಿಕೆಯಿಂದಲೇ ಎನ್ನಬಹುದು. ಹೈದರನಿಗೆ ಓದು ಬರಹ ಬರುತ್ತಿರಲಿಲ್ಲ. ಆದರೆ ಅವನ ನೆನಪು ಅಸಾಧಾರಣವಾದುದು. ಒಮ್ಮೆ ಕೇಳಿದ ಅಂಕಿಯನ್ನು ಅವನು ಮರೆಯುತ್ತಿರಲಿಲ್ಲ, ತಪ್ಪು ಹೇಳಿದವನನ್ನು ಕ್ಷಮಿಸುತ್ತಿರಲಿಲ್ಲ. ಅಂತಹ ಒಡೆಯನ ಮುಂದೆ ನಿಂತು ಬಾಯಿಲೆಕ್ಕವನ್ನು ತಡವರಿಸದೆ ಒಪ್ಪಿಸಬಲ್ಲವರು ವಿರಳ. ಪೂರ್ಣಯ್ಯನವರು ಒಪ್ಪಿಸಬಲ್ಲವರಾಗಿದ್ದರು. ಅವರ ಬರವಣಿಗೆ ಸ್ಫುಟವಾಗಿತ್ತು, ಹಲವು ಭಾಷೆಗಳು ಅವರಿಗೆ ತಿಳಿದಿದ್ದವು. ಕೆಲವೇ ವರ್ಷಗಳಲ್ಲಿ ಅವರು ಕೃಷ್ಣರಾಯರೆಂಬ ಮತ್ತೊಬ್ಬ ಅಧಿಕಾರಿಯೊಡನೆ ರಾಜ್ಯದ ಬೊಕ್ಕಸದ ಹೊಣೆಯನ್ನು ಹೊತ್ತರು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಸಮೀಪದ ಪಾಳೆಯದಲ್ಲಿ ಹೈದರನು ಬೆನ್ನುಹುಣ್ಣಿನಿಂದ ಮೃತನಾದನು. ಇಂಗ್ಲಿಷರೊಡನೆ ಯುದ್ಧ ನಡೆಯುತ್ತಿದ್ದ ಸಮಯ ಅದು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದನು. ಒಡೆಯನಿಲ್ಲವೆಂಬ ಸುದ್ದಿ ಹರಡಿದ್ದರೆ ಸಂಬಳಕ್ಕೆ ದುಡಿಯುವ ಆ ಬೃಹತ್ ಸೈನ್ಯ ಮರುದಿನವೇ ಚದುರಿಹೋಗುತ್ತಿತ್ತು. ಪೂರ್ಣಯ್ಯನವರೂ ಕೃಷ್ಣರಾಯರೂ ಇತರ ಮುಖಂಡರೊಡನೆ ಕೂಡಿ ಸಾವನ್ನು ಗುಟ್ಟಾಗಿರಿಸಿದರು. ಕಳೇಬರವನ್ನು ಬೆಲೆಬಾಳುವ ಸಾಮಗ್ರಿಯೆಂಬಂತೆ ಪೆಟ್ಟಿಗೆಯಲ್ಲಿಟ್ಟು ಕೋಲಾರಕ್ಕೆ ಕಳುಹಿಸಲಾಯಿತು. ನವಾಬನು ಅಸ್ವಸ್ಥನಾಗಿದ್ದಾನೆಂದು ಸಾರಿ, ಅವನ ಡೇರೆಯಿಂದ ಆಜ್ಞೆಗಳು ಎಂದಿನಂತೆಯೇ ಹೊರಬೀಳುವಂತೆ ನೋಡಿಕೊಂಡರು. ಟಿಪ್ಪುವಿಗೆ ಶೀಘ್ರವಾಗಿ ಸುದ್ದಿ ಹೋಯಿತು. ಗುಟ್ಟನ್ನು ತಿಳಿದ ಕೆಲವರು ಟಿಪ್ಪುವಿನ ತಮ್ಮನನ್ನು ಗದ್ದುಗೆಗೇರಿಸುವ ಒಳಸಂಚು ಹೂಡಿದಾಗ ಅದನ್ನು ಸದ್ದಿಲ್ಲದೆ ಮುರಿದು, ಅವರನ್ನು ಸೆರೆಹಿಡಿಯಲಾಯಿತು. ಟಿಪ್ಪು ಬಂದು ಸೇರುವವರೆಗೆ ಸೈನ್ಯವೂ ಬೊಕ್ಕಸವೂ ಕದಲಲಿಲ್ಲ. ಮೂವತ್ತಾರು ವರ್ಷ ವಯಸ್ಸಿನ ಲೆಕ್ಕಿಗನೊಬ್ಬನು ರಾಜ್ಯದ ಅಳಿವು ಉಳಿವಿನ ಕೆಲಸದಲ್ಲಿ ಕೈಹಾಕಿದ ಮೊದಲ ಸಂದರ್ಭವಿದು.

ಟಿಪ್ಪುವಿನ ಆಳಿಕೆಯ ಹದಿನೇಳು ವರ್ಷಗಳಲ್ಲಿ ಪೂರ್ಣಯ್ಯನವರು ಕಂದಾಯದ ಪ್ರಮುಖ ಅಧಿಕಾರಿಗಳಲ್ಲೊಬ್ಬರಾಗಿದ್ದು, ಅನೇಕ ವೇಳೆ ಸೈನ್ಯವನ್ನೂ ನಡೆಸಿದರು. 1792ರಲ್ಲಿ ಮೂರನೆಯ ಮೈಸೂರು ಯುದ್ಧ ಮುಗಿದಾಗ ಟಿಪ್ಪುವು ಅರ್ಧ ರಾಜ್ಯವನ್ನು ಬಿಟ್ಟುಕೊಡಬೇಕಾಯಿತು. ಅದರ ಮೇಲೆ 3 ಕೋಟಿ 30 ಲಕ್ಷ ರೂಪಾಯಿಗಳನ್ನು ತೆರಬೇಕಾಯಿತು, ಇಬ್ಬರು ಎಳೆಯ ಮಕ್ಕಳನ್ನು ಒತ್ತೆಯಾಗಿ ಕಳುಹಿಸಬೇಕಾಯಿತು. ಅರ್ಧ ರಾಜ್ಯದ ಆದಾಯದಿಂದ ಇಡೀ ರಾಜ್ಯದ ಸಾಲವನ್ನು ತೀರಿಸುವ ಈ ಕಷ್ಟದ ಲೆಕ್ಕವನ್ನು ಬಿಡಿಸಿದವರಲ್ಲಿ ಪೂರ್ಣಯ್ಯನವರೂ ಸೇರಿದ್ದರು. ಹಣವೇನೋ ಸಂದಿತು, ಮಕ್ಕಳು 1794ರಲ್ಲಿ ಮರಳಿದರು. ಆ ಹಣವನ್ನು ಕೊನೆಗೆ ಹೊತ್ತವರು ರೈತರೆಂಬುದನ್ನು ಇಲ್ಲಿ ಮರೆಯಲಾಗದು.

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಸುಲ್ತಾನನು ಹೋರಾಡುತ್ತಲೇ ಮಡಿದನು. ಕೆಲವೇ ದಿನಗಳಲ್ಲಿ ಪೂರ್ಣಯ್ಯನವರು ಜನರಲ್ ಹ್ಯಾರಿಸನಿಗೆ ಶರಣಾದರು. ಎರಡು ತಿಂಗಳು ತುಂಬುವುದರೊಳಗೆ ಗೆದ್ದವರ ಒಪ್ಪಿಗೆಯಿಂದಲೇ ದಿವಾನರಾದರು. ಹೈದರನ ಉಪ್ಪು, ಟಿಪ್ಪುವಿನ ಉಪ್ಪು ತಿಂದವರು ಇಂಗ್ಲಿಷರ ಕೃಪೆಯಿಂದ ಹೀಗೆ ಮೇಲೇರಿದ್ದು ಆಗಲೂ ಹಲವರಿಗೆ ಒಪ್ಪಿಗೆಯಾಗಲಿಲ್ಲ, ಅನಂತರವೂ ಆಗಿಲ್ಲ. ಕೋಟೆ ಬೀಳಲು ಒಳಗಿನವರ ದ್ರೋಹವೇ ಕಾರಣವೆಂದು ಹೇಳುವವರು ಮೀರ್ ಸಾದಕನ ಹೆಸರಿನ ಜೊತೆಯಲ್ಲಿ ಪೂರ್ಣಯ್ಯನವರ ಹೆಸರನ್ನೂ ಎತ್ತುವುದುಂಟು. ಪೂರ್ಣಯ್ಯನವರ ವಿಷಯದಲ್ಲಿ ಈ ಆರೋಪಕ್ಕೆ ಗಟ್ಟಿಯಾದ ಆಧಾರ ದೊರೆತಿಲ್ಲ. ಸೋಲಿನ ಬಳಿಕ ಅವರು ಮೊದಲು ಮುಂದಿಟ್ಟ ಸಲಹೆಯನ್ನೂ ಇಲ್ಲಿ ಗಮನಿಸಬೇಕು. ಟಿಪ್ಪುವಿನ ಹಿರಿಯ ಮಗ ಫತೇ ಹೈದರನನ್ನೇ ಗದ್ದುಗೆಯ ಮೇಲೆ ಕೂರಿಸಿ, ಕಪ್ಪವನ್ನು ಗೊತ್ತುಮಾಡಿಕೊಳ್ಳುವುದು ಲೇಸೆಂದು ಅವರು ಸೂಚಿಸಿದ್ದರು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಅದು ಹಿಡಿಸಲಿಲ್ಲ. ಹಳೆಯ ಒಡೆಯರ ವಂಶಕ್ಕೆ ರಾಜ್ಯವನ್ನು ಕೊಡುವುದೆಂದು ನಿಶ್ಚಯವಾದ ಮೇಲೆ ಪೂರ್ಣಯ್ಯನವರು ಆ ಏರ್ಪಾಟಿಗೆ ತಮ್ಮನ್ನು ಒಪ್ಪಿಸಿಕೊಂಡರು. ವ್ಯಕ್ತಿಯ ಮೇಲಣ ನಿಷ್ಠೆಗಿಂತ ಆಡಳಿತ ಮುರಿಯದೆ ನಡೆಯುವುದೇ ಅವರಿಗೆ ದೊಡ್ಡದಾಗಿ ಕಂಡಿತೆಂದು ತೋರುತ್ತದೆ. ಅದನ್ನು ಗುಣವೆನ್ನುವವರಿದ್ದಾರೆ, ದೋಷವೆನ್ನುವವರೂ ಇದ್ದಾರೆ.

ಇನ್ನೊಬ್ಬರ ಮಾತನ್ನೂ ಇಲ್ಲಿ ಹೇಳದಿದ್ದರೆ ನ್ಯಾಯವಾಗದು. ಹೈದರನ ಕಾಲದಿಂದಲೂ ಸೆರೆಯಂತಹ ಬಾಳನ್ನು ನಡೆಸುತ್ತಿದ್ದ ರಾಣಿ ಲಕ್ಷ್ಮಮ್ಮಣ್ಣಿಯವರು ರಾಜ್ಯವನ್ನು ಮರಳಿ ಪಡೆಯಲು ದಶಕಗಳ ಕಾಲ ಗುಟ್ಟಾಗಿ ಪ್ರಯತ್ನಿಸಿದ್ದರು. ಅವರ ಪರವಾಗಿ ಇಂಗ್ಲಿಷರೊಡನೆ ಸಂಧಾನ ನಡೆಸಿದವರು ತಿರುಮಲರಾಯರು. ಆದರೆ ರಾಜ್ಯ ಬಂದಾಗ ದಿವಾನಗಿರಿ ತಿರುಮಲರಾಯರಿಗೆ ದೊರೆಯಲಿಲ್ಲ. ರಾಜ್ಯದ ಲೆಕ್ಕವೆಲ್ಲ ಯಾರ ತಲೆಯಲ್ಲಿದೆಯೋ ಅವರನ್ನು ಬಿಟ್ಟು ಬೇರೆಯವರನ್ನು ನೇಮಿಸಲು ಇಂಗ್ಲಿಷರು ಸಿದ್ಧರಿರಲಿಲ್ಲ.

1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕ ಮೈಸೂರಿನಲ್ಲಿ ನೆರವೇರಿತು. ಆದರೆ ಮರಳಿ ಬಂದ ರಾಜ್ಯ ಹಿಂದಿನಷ್ಟು ದೊಡ್ಡದಾಗಿರಲಿಲ್ಲ. ಕನ್ನಡ ಕರಾವಳಿ, ವಯನಾಡು, ಕೊಯಮತ್ತೂರು ಸೀಮೆಗಳನ್ನು ಕಂಪನಿಯು ತಾನೇ ಇಟ್ಟುಕೊಂಡಿತು. ಕೊಯಮತ್ತೂರಿನೊಡನೆ ಘಟ್ಟದ ಮೇಲಿನ ಕೊಳ್ಳೇಗಾಲ, ಹನೂರುಗಳೂ ಹೋದವು. ಪೂರ್ಣಯ್ಯನವರು ಹುಟ್ಟಿದ ಸೀಮೆ, ಅವರು ಮೊದಲು ಲೆಕ್ಕ ಬರೆದ ಸತ್ಯಮಂಗಲ ಎಲ್ಲವೂ ಹೀಗೆ ಹೊರನಾಡಾದವು. ಯಳಂದೂರು ಮಾತ್ರ ಮೈಸೂರಿನೊಳಗೆ ಉಳಿಯಿತು. ಅಲ್ಲಿಂದ ಹತ್ತು ಮೈಲಿ ದೂರದ ಕೊಳ್ಳೇಗಾಲಕ್ಕೆ ಹೋಗಬೇಕಾದರೆ ಗಡಿ ದಾಟಬೇಕಾಗಿತ್ತು.

ಕಿರಿದಾದ ಈ ರಾಜ್ಯವು ಕಂಪನಿಗೆ ವರ್ಷಕ್ಕೆ 7 ಲಕ್ಷ ವರಹಗಳನ್ನು, ಎಂದರೆ ಸುಮಾರು 24 ಲಕ್ಷ 50 ಸಾವಿರ ರೂಪಾಯಿಗಳನ್ನು, ಪೊಗದಿಯಾಗಿ ಸಲ್ಲಿಸಬೇಕಾಗಿತ್ತು. ಕಂತು ತಪ್ಪಿದರೆ ರಾಜ್ಯವನ್ನೇ ವಹಿಸಿಕೊಳ್ಳುವ ಅಧಿಕಾರವನ್ನು ಕಂಪನಿಯು ಒಪ್ಪಂದದಲ್ಲಿ ಬರೆಸಿಕೊಂಡಿತ್ತು. ಈ ಕತ್ತಿಯ ಕೆಳಗೆ ಕುಳಿತು ಪೂರ್ಣಯ್ಯನವರು ಹನ್ನೆರಡು ವರ್ಷ ಆಡಳಿತ ನಡೆಸಿದರು. ಯುದ್ಧಗಳಿಂದ ಊರುಗಳು ಪಾಳುಬಿದ್ದಿದ್ದವು, ಕೆರೆಗಳ ಏರಿಗಳು ಒಡೆದಿದ್ದವು, ಪಾಳೆಯಗಾರರು ಮತ್ತೆ ತಲೆಯೆತ್ತಿದ್ದರು. ಪೂರ್ಣಯ್ಯನವರು ಹಳೆಯ ಕಂದಾಚಾರದ ಪಡೆಯನ್ನು ಊರುಗಾವಲಿಗೆ ತೊಡಗಿಸಿದರು. ಜಮೀನುಗಳನ್ನು ಅಳೆಯಿಸಿದರು, ಇನಾಮುಗಳ ಸನ್ನದುಗಳನ್ನು ಒಂದೊಂದಾಗಿ ಪರಿಶೀಲಿಸಿದರು. ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಲು ಧಾರಾಳವಾಗಿ ಹಣ ಕೊಟ್ಟರು. ನೀರು ನಿಂತರೆ ಕಂದಾಯ ತಾನಾಗಿ ಬರುತ್ತದೆಂಬುದು ಅಂಗಡಿಯ ಲೆಕ್ಕ ಕಲಿತ ಅವರಿಗೆ ಚೆನ್ನಾಗಿ ತಿಳಿದಿತ್ತು. ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪನಾಯಕನ ಬಂಡಾಯವನ್ನು 1802ರಲ್ಲಿ ಇಂಗ್ಲಿಷ್ ಸೈನ್ಯದ ನೆರವಿನಿಂದ ಅಡಗಿಸಲಾಯಿತು. ಆಗ ತೋರಿದ ಕಾಠಿಣ್ಯವನ್ನು ಮೆಚ್ಚಲಾಗದು.

ಶ್ರೀರಂಗಪಟ್ಟಣದಲ್ಲಿ ಕಾವೇರಿಯ ಉತ್ತರದ ಕವಲಿನ ಮೇಲೆ ಪೂರ್ಣಯ್ಯನವರು ಕಟ್ಟಿಸಿದ ಸೇತುವೆ ಇಂದಿಗೂ ನಿಂತಿದೆ. 1804ರಲ್ಲಿ ಮುಗಿದ ಈ ಸೇತುವೆಯಲ್ಲಿ ಕಮಾನುಗಳಿಲ್ಲ. ನದಿಯ ಬಂಡೆಯಲ್ಲಿ ಸಾಲುಸಾಲಾಗಿ ಕಲ್ಲುಕಂಬಗಳನ್ನು ನೆಟ್ಟು, ಅವುಗಳ ಮೇಲೆ ತೊಲೆಗಳನ್ನಿಟ್ಟು, ಚಪ್ಪಡಿಗಳನ್ನು ಹಾಸಿದ್ದಾರೆ. ನಮ್ಮ ಮಂಟಪಗಳನ್ನು ಕಟ್ಟುವ ಕಲ್ಲುಕುಟಿಗರ ಕೆಲಸವೇ ಅದು. ಗವರ್ನರ್ ಜನರಲ್ಲನ ಗೌರವಾರ್ಥವಾಗಿ ಅದಕ್ಕೆ ವೆಲ್ಲೆಸ್ಲಿ ಸೇತುವೆ ಎಂದು ಹೆಸರಿಡಲಾಯಿತು. ಎಷ್ಟೋ ಪ್ರವಾಹಗಳು ಅದರ ಮೇಲೆ ಹಾದುಹೋಗಿವೆ. ಎಲ್ಲ ಕೆಲಸಗಳೂ ಹೀಗೆ ಫಲಿಸಲಿಲ್ಲ. ಕಾವೇರಿಯ ನೀರನ್ನು ಮೈಸೂರು ನಗರಕ್ಕೆ ಹರಿಸಲೆಂದು ಅವರು ತೋಡಿಸಿದ ಕಾಲುವೆ ಬಹಳ ದೂರ ಸಾಗಿ ಬಂದರೂ ಉದ್ದೇಶ ಈಡೇರಲಿಲ್ಲ. ಪೂರ್ಣಯ್ಯನ ನಾಲೆ ಎಂಬ ಹೆಸರು ಮಾತ್ರ ಅದಕ್ಕೆ ಉಳಿಯಿತು.

ಗವರ್ನರ್ ಜನರಲ್ಲನ ತಮ್ಮನಾದ ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಆಗ ಮೈಸೂರಿನ ಸೇನಾಧಿಕಾರಿಯಾಗಿದ್ದನು. ಮುಂದೆ 1815ರಲ್ಲಿ ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗದ್ವಿಖ್ಯಾತನಾದವನು ಇವನೇ. 1800ರಲ್ಲಿ ಧೋಂಡಿಯ ವಾಘನನ್ನು ಬೆನ್ನಟ್ಟಿದಾಗ, 1803ರಲ್ಲಿ ಮರಾಠರ ಮೇಲೆ ದಂಡೆತ್ತಿ ಹೋದಾಗ ಅವನ ಸೈನ್ಯಕ್ಕೆ ಅಕ್ಕಿ, ಎತ್ತು, ಕುದುರೆಸವಾರರು ತಪ್ಪದೆ ಸಿಗುವಂತೆ ನೋಡಿಕೊಂಡವರು ಪೂರ್ಣಯ್ಯನವರು. ಒಮ್ಮೆ ಹೈದರನ ಪಾಳೆಯಕ್ಕೆ ದಿನಸಿ ಕಳುಹಿಸುವ ಅಂಗಡಿಯಲ್ಲಿ ದುಡಿದವರಿಗೆ ಇದು ಹೊಸ ಕೆಲಸವಾಗಿರಲಿಲ್ಲ. ಆರ್ಥರ್ ವೆಲ್ಲೆಸ್ಲಿಯು ಭಾರತವನ್ನು ಬಿಟ್ಟು ಹೊರಡುವಾಗ ತನ್ನ ಭಾವಚಿತ್ರವೊಂದನ್ನು ಪೂರ್ಣಯ್ಯನವರಿಗೆ ನೆನಪಿಗೆಂದು ಕೊಟ್ಟುಹೋದನು.

1807ರ ಡಿಸೆಂಬರಿನಲ್ಲಿ ಯಳಂದೂರು ಸೀಮೆಯನ್ನು ಪೂರ್ಣಯ್ಯನವರಿಗೆ ವಂಶಪಾರಂಪರ್ಯವಾಗಿ ಜಹಗೀರು ಕೊಡಲಾಯಿತು. ವರ್ಷಕ್ಕೆ 10,000 ಕಂಠೀರಾಯ ವರಹಗಳ ಹುಟ್ಟುವಳಿಯುಳ್ಳ ಸೀಮೆ ಅದು. ವಲಸೆ ಬಂದ ಮನೆತನಕ್ಕೆ ತನ್ನದೆನ್ನುವ ನೆಲ ದೊರೆತದ್ದು ಹೀಗೆ. ಆಗ ಅವರಿಗೆ ಅರವತ್ತೊಂದು ವರ್ಷ.

ಇಷ್ಟರಲ್ಲಿ ಬಾಲಕ ಅರಸರು ಬೆಳೆದು ತರುಣರಾಗಿದ್ದರು. ರಾಜ್ಯ ತಮ್ಮದು, ಬೊಕ್ಕಸದ ಬೀಗದ ಕೈ ಮಾತ್ರ ದಿವಾನರದು ಎಂಬ ಸ್ಥಿತಿ ಅವರಿಗೆ ಸಹನೆಯಾಗಲಿಲ್ಲ. ಪೂರ್ಣಯ್ಯನವರಾದರೋ ಎತ್ತಿ ಆಡಿಸಿದ ಮಗು ದೊರೆಯಾಯಿತೆಂಬುದನ್ನು ಬೇಗ ಅರಿತುಕೊಳ್ಳಲಿಲ್ಲ. ದೀರ್ಘಕಾಲ ಅಧಿಕಾರ ನಡೆಸಿದವರಿಗೆ ಅದನ್ನು ಬಿಟ್ಟುಕೊಡುವುದು ಕಷ್ಟ. ಕೆಲವು ತಿಂಗಳ ಕಹಿ ಮಾತುಕತೆಗಳ ಅನಂತರ 1811ರಲ್ಲಿ ಅವರು ಅಧಿಕಾರದಿಂದ ನಿವೃತ್ತರಾಗಿ ಶ್ರೀರಂಗಪಟ್ಟಣದಲ್ಲಿ ನೆಲೆಸಿದರು. ಅವರು ಬಿಟ್ಟುಹೋದ ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗಳಿಗೂ ಮಿಕ್ಕಿ ಹಣವಿತ್ತೆಂದು ಹೇಳಲಾಗಿದೆ. ಹೈದರನ ಬೊಕ್ಕಸ, ಟಿಪ್ಪುವಿನ ಬೊಕ್ಕಸ, ಒಡೆಯರ ಬೊಕ್ಕಸ ಮೂರನ್ನೂ ಕಂಡ ಆ ವೃದ್ಧರು ಮರುವರ್ಷ, 1812ರ ಮಾರ್ಚ್ ತಿಂಗಳ ಕೊನೆಯಲ್ಲಿ, ಶ್ರೀರಂಗಪಟ್ಟಣದಲ್ಲಿಯೇ ತೀರಿಕೊಂಡರು.

ಅವರು ಕೂಡಿಟ್ಟ ಆ ಹಣದ ವಿಷಯದಲ್ಲಿ ಅನಂತರದವರು ಬಹಳ ಚರ್ಚಿಸಿದ್ದಾರೆ. ಮುಂದಿನ ಇಪ್ಪತ್ತು ವರ್ಷಗಳಲ್ಲಿ ಅದು ಕರಗಿತು, ನಗರ ಸೀಮೆಯಲ್ಲಿ ರೈತರು ದಂಗೆಯೆದ್ದರು. 1831ರಲ್ಲಿ ಕಂಪನಿಯು ಆಡಳಿತವನ್ನು ತನ್ನ ಕೈಗೆ ತೆಗೆದುಕೊಂಡಿತು. ಪೂರ್ಣಯ್ಯನವರು ಕಟ್ಟಿದ್ದನ್ನು ಅರಸರು ಕಳೆದರೆಂದು ಹೇಳಿ ಮುಗಿಸುವುದು ಸುಲಭ; ಆದರೆ ಸಂಗತಿ ಅಷ್ಟು ಸರಳವಲ್ಲ. ಧಾನ್ಯದ ಬೆಲೆ ಕುಸಿಯಿತು, ಪೊಗದಿಯ ಮೊತ್ತ ಮಾತ್ರ ಇಳಿಯಲಿಲ್ಲ. ಅಮಲ್ದಾರರು ಇಷ್ಟು ಹಣ ತಂದೇ ತೀರಬೇಕೆಂಬ ಷರತ್ತಿನ ಪದ್ಧತಿ ರೈತನನ್ನು ಹಿಂಡಿತು. ಪೂರ್ಣಯ್ಯನವರ ಮಿಗತೆಯಾದರೂ ರೈತರ ಕಂದಾಯದಿಂದಲೇ ಬಂದದ್ದಲ್ಲವೆ? ಕೋಟೆಯೊಳಗೆ ಕೂಡಿಬಿದ್ದ ನಾಣ್ಯ ಊರಿನ ಸಂತೆಯಲ್ಲಿ ಓಡಾಡುವುದಿಲ್ಲ. ಪೊಗದಿಯ ಭಯ ತಲೆಯ ಮೇಲಿರುವಾಗ ಹಣ ಕೂಡಿಡುವುದೇ ರಾಜ್ಯರಕ್ಷಣೆಯೆಂದು ಅವರು ಬಗೆದರು. ಆ ಭಯ ಸುಳ್ಳಲ್ಲವೆಂಬುದನ್ನು 1831ನೆಯ ಇಸವಿ ತೋರಿಸಿತು.

ಯಳಂದೂರಿನ ಜಹಗೀರು ಮಾತ್ರ ಈ ಏರಿಳಿತಗಳಲ್ಲಿ ಪೂರ್ಣಯ್ಯನವರ ವಂಶದಲ್ಲಿಯೇ ಉಳಿಯಿತು. 1881ರಲ್ಲಿ ರಾಜ್ಯವು ಮರಳಿ ಒಡೆಯರ ಕೈಸೇರಿತು. ಪೂರ್ಣಯ್ಯನವರ ವಂಶಸ್ಥರೂ ಯಳಂದೂರಿನ ಜಹಗೀರುದಾರರೂ ಆದ ಸರ್ ಪಿ. ಎನ್. ಕೃಷ್ಣಮೂರ್ತಿಯವರು 1901ರಿಂದ 1906ರವರೆಗೆ ಮೈಸೂರಿನ ದಿವಾನರಾದರು. ಅವರ ಅಧಿಕಾರದ ಕಾಲದಲ್ಲಿಯೇ, 1902ರಲ್ಲಿ, ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗಳನ್ನು ತಲುಪಿತು. 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹೊತ್ತಿತು. ವಿದ್ಯುದಾಗಾರವಿದ್ದುದು ಕಾವೇರಿಯ ಮೈಸೂರು ದಡದಲ್ಲಿ. ಆಚೆಯ ದಡದ ಕೊಳ್ಳೇಗಾಲ ಆಗಲೂ ಮದರಾಸು ಪ್ರಾಂತದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಜಹಗೀರುಗಳ ಕಾಲ ಮುಗಿಯಿತು. 1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾದಾಗ ಕೊಳ್ಳೇಗಾಲ ತಾಲ್ಲೂಕು, ಅದರೊಳಗಿದ್ದ ಹನೂರಿನೊಡನೆ, ಕನ್ನಡ ರಾಜ್ಯಕ್ಕೆ ಮರಳಿತು. 1799ರಲ್ಲಿ ಯಳಂದೂರಿಗೂ ಕೊಳ್ಳೇಗಾಲಕ್ಕೂ ನಡುವೆ ಎಳೆದ ಗಡಿ ನೂರೈವತ್ತೇಳು ವರ್ಷಗಳ ಅನಂತರ ಅಳಿಸಿಹೋಯಿತು. ಈಗ ಯಳಂದೂರು, ಕೊಳ್ಳೇಗಾಲ, ಹನೂರು ಮೂರೂ ಚಾಮರಾಜನಗರ ಜಿಲ್ಲೆಯ ತಾಲ್ಲೂಕುಗಳು. ಜಹಗೀರುದಾರರ ಹಳೆಯ ಬಂಗಲೆ ಯಳಂದೂರಿನಲ್ಲಿದೆ.